ಬಂದದ್ದೇ ಉಳಿಯಲಿ

ಮನೆಯಲ್ಲಿ ನಮ್ಮಕ್ಕನಿಗೆ ಪರವಾಗಿಲ್ಲಕ್ಕ ಎಂದೇ ಅಡ್ಡಹೆಸರು. ಕಾಲು ತುಳಿದರೂ ಪರವಾಗಿಲ್ಲ, ಅವಳ ಪಾಲಿನ ತಿಂಡಿಯನ್ನು ನಾನು ತಿಂದರೂ ಪರವಾಗಿಲ್ಲ. ಅತಿ ವಿನಯ ಧೂರ್ತಲಕ್ಷಣ ಅನ್ನುತ್ತಾರೆ. ಅವಳಲ್ಲಿ ಒಂದಿಷ್ಟು ಧೂರ್ತತನ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ಅಚ್ಚುಕೂಟವೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಸ್ತಕಗಳ ಪುಟ ಜೋಡಿಸುವುದು ಅವಳ ಕೆಲಸವಾಗಿತ್ತು. ಅಚ್ಚುಕೂಟ ಮುಚ್ಚಿತು. ಮದುವೆಯಾಗಲಿಲ್ಲ, ಅದು ಬೇರೆ ಕಥೆ. ಅಣ್ಣನ ಮನೆಯ ಹಜಾರದ ಸೋಫಾವೇ ಅವಳ ಮಂಚ, ಅದರ ಕೆಳಗಿನ ಸೂಟ್‌ಕೇಸೇ ಬೀರು. ಟೀವಿ ಆರುವ ತನಕ ಅವಳು ಮಲಗುವಂತಿಲ್ಲ. ಅತ್ತಿಗೆ ಕೆಟ್ಟವಳೇನಲ್ಲ, ಆದರೆ ಬಂದವರೆದುರು "ಸದ್ಯಕ್ಕೆ ಇಲ್ಲೇ ಇದ್ದಾರೆ" ಅನ್ನುವುದನ್ನು ಮಾತ್ರ ಬಿಟ್ಟವಳಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಸ್ವಂತ ಕೋಣೆ, ಅಷ್ಟೇ ಅಕ್ಕನ ಆಸೆ. ಅದಕ್ಕೆ ಕೆಲಸ ಬೇಕಿತ್ತು.

ಹಾಗಾಗಿ ಔಷಧದ ಅಂಗಡಿಯ ಮೇಲಿದ್ದ ತರಬೇತಿ ಕೇಂದ್ರಕ್ಕೆ ಸೇರಿ ವೆಬ್‌ಸೈಟ್ ಕಟ್ಟುವುದನ್ನು ಕಲಿಯತೊಡಗಿದಳು. ಮೊದಲ ಹಂತದಲ್ಲಿ ಅವರವರ ಪಾಡು ಅವರವರಿಗೆ. ಎರಡನೆಯದರಲ್ಲಿ ನಾಲ್ವರು ಕೂಡಿ ಒಂದೇ ಸೈಟ್ ಕಟ್ಟಬೇಕು. ಇವರ ಪಾಲಿಗೆ ಬಂದದ್ದು ಕಣ್ಣಿನ ಆಸ್ಪತ್ರೆಗೆ ಹೋಗುವವರು ಸಮಯ ಕಾದಿರಿಸುವ ಸೈಟು. ಕೊನೆಯಲ್ಲಿ ಕಂಪನಿಯವರು ಬಂದು ನೋಡಿ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಮೇಷ್ಟ್ರು ಹೇಳಿದ್ದರು.

ಸಮಯ ಕಾದಿರಿಸುವ ಪುಟ ಅಕ್ಕನದು. ಜೀವ ತೇದು ಮಾಡಿದಳು. ಕಣ್ಣು ಮಂಜಾದವರಿಗೂ ಕಾಣುವಂಥ ದಪ್ಪ ಅಕ್ಷರ ಹಾಕಿದಳು. ಒಬ್ಬರು ಹಿಡಿದ ಸಮಯ ಇನ್ನೊಬ್ಬರಿಗೆ ಸಿಗದಂತೆ ಬಿಗಿ ಮಾಡಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ ದಿನ ಅವಳ ಮುಖ ನೋಡಬೇಕಿತ್ತು.

ಆದರೆ ಗುಂಪಿನಲ್ಲಿ, ಮೊದಲು ಕೊರಿಯರ್ ಹಂಚುತ್ತಿದ್ದ ಒಬ್ಬಾತನಿದ್ದ. ಅವನು ಯಾರನ್ನೂ ಕೇಳದೆ ಅದೇ ಪುಟಕ್ಕೆ ಕೈಹಾಕಿ, ತನಗೆ ತೋಚಿದಂತೆ ಬರೆದು, ಎಲ್ಲರ ಕೆಲಸ ಕೂಡುವ ಜಾಗಕ್ಕೆ ಸೇರಿಸಿಬಿಟ್ಟಿದ್ದ. ಆಮೇಲೆ ಅಕ್ಕ ತನ್ನದನ್ನು ಸೇರಿಸಲು ಹೋದರೆ ಕಂಪ್ಯೂಟರ್ ತಡೆಯಿತು. ಒಂದೇ ಸಾಲನ್ನು ಇಬ್ಬರು ಎರಡು ಥರ ಬರೆದಿದ್ದೀರಿ, ನಿಮ್ಮದು ಉಳಿಯಲೋ, ಆ ಕಡೆಯಿಂದ ಬಂದದ್ದು ಉಳಿಯಲೋ ಎಂದು ಕೇಳಿತು.

ಇಂಥ ಪ್ರಶ್ನೆಯನ್ನು ನಮ್ಮಕ್ಕನಿಗೆ ಕೇಳುವುದೇ? ಮನೆಗೆ ಬಂದವರಿಗೆ ಕುರ್ಚಿ ಬಿಟ್ಟುಕೊಡುವ ಹಾಗೆ, ಬಂದದ್ದೇ ಉಳಿಯಲಿ ಎಂದು ಒತ್ತಿದಳು. ಮುಂದಿನ ಸಾಲಿಗೂ ಅದೇ, ಅದರ ಮುಂದಿನದಕ್ಕೂ ಅದೇ. ಪುಟ ಮುಗಿಯುವಷ್ಟರಲ್ಲಿ ಅವಳದೆನ್ನುವ ಒಂದಕ್ಷರವೂ ಅಲ್ಲಿರಲಿಲ್ಲ. ಅವನಿಗೆ ಬೇಜಾರಾದೀತು ಎಂದು ಹಾಗೆ ಮಾಡಿದೆ ಅಂತ ನನಗೆ ಹೇಳಿದಳು. ತಾನು ಬರೆದದ್ದು ಒಳಗೆಲ್ಲೋ ಉಳಿದೇ ಇರುತ್ತದೆ, ಬೇಕಾದರೆ ಮೇಷ್ಟ್ರಿಗೆ ತೋರಿಸಬಹುದು ಅಂದಳು. ತೋರಿಸಲಿಲ್ಲ.

ಕಂಪನಿಯವರು ಬಂದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಂದಾಕೆ ತಮ್ಮ ಫೋನಿನಿಂದ ಒಂದು ಸಮಯ ಕಾದಿರಿಸಿದರು. ಮೇಷ್ಟ್ರ ಫೋನಿನಿಂದ ಅದೇ ಸಮಯಕ್ಕೆ ಮತ್ತೆ ಒತ್ತಿದರು. ಸೈಟು ಇಬ್ಬರಿಗೂ ಬನ್ನಿ ಅಂದಿತು. ಈ ಪುಟ ಯಾರದು ಎಂದು ಆಕೆ ಕೇಳಿದಾಗ ಕೊರಿಯರಿನವನು ನೆಲ ನೋಡಿದ. ಯಾರು ಏನು ಬದಲಿಸಿದರು ಎನ್ನುವುದು ಸೈಟಿನ ಹಿಂಬದಿಯಲ್ಲಿ ದಾಖಲಾಗಿರುತ್ತದಂತೆ. ಮೇಷ್ಟ್ರು ಅದನ್ನು ತೆರೆದರೆ ಎಲ್ಲಕ್ಕಿಂತ ಮೇಲೆ ಅಕ್ಕನ ಹೆಸರು. ಕೊನೆಗೆ ಒಪ್ಪಿ ಸೇರಿಸಿದವಳು ಅವಳೇ ತಾನೆ.

"ಎರಡನ್ನೂ ನೋಡಿ, ಇದೇ ಸರಿ ಅಂತ ನೀವೇ ಆರಿಸಿದ್ರಾ?" ಎಂದು ಆಕೆ ಕೇಳಿದರು.

"ಹೌದು ಮೇಡಂ," ಅಂದಳು ಅಕ್ಕ.

ನನಗೆ ಎದ್ದು ಕೂಗಾಡಬೇಕೆನಿಸಿತು. ಮೆತ್ತಗೆ ಕಂಡರೆ ಮತ್ತೊಂದು ಗುದ್ದು ಅನ್ನುವುದು ಸುಮ್ಮನೆ ಅಲ್ಲ. ಬೇರೆ ಪುಟಗಳನ್ನು ಚೆನ್ನಾಗಿ ಮಾಡಿದ್ದಾನೆಂದು ಕೊರಿಯರಿನವನಿಗೇ ಕೆಲಸ ಕೊಟ್ಟರು. ಅಕ್ಕ ಹೋಗಿ ಅವನಿಗೆ ಶುಭ ಹಾರೈಸಿ ಬಂದಳು.

ಮೆಟ್ಟಿಲಿಳಿಯುತ್ತ ಬಾಯಿಗೆ ಬಂದಂತೆ ಬೈದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು.

"ಮೇಷ್ಟ್ರು ಈಗ ಹೇಳಿದ್ರು ಕಣೇ. ಎರಡನ್ನೂ ಇಟ್ಕೊಳ್ಳೋದು ಅಂತ ಮೂರನೇದೊಂದು ಇತ್ತಂತೆ, ಅಲ್ಲೇ ಪಕ್ಕದಲ್ಲಿ. ನಾನು ಅಲ್ಲೀ ತನಕ ಓದಲೇ ಇಲ್ಲ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು, ಸಂಕಟ ಉಳಿಯಿತು. ಹೋಗಲಿ, ಈಗ ಗೊತ್ತಾಯಿತಲ್ಲ, ಮುಂದಿನ ತಂಡಕ್ಕೆ ಸೇರಿಕೋ ಅಂದೆ. ಅಕ್ಕ ಬೇಡವೆಂದು ತಲೆಯಾಡಿಸಿದಳು.

"ಇನ್ನೊಂದ್ಸಲ ಕೇಳಿದ್ರೂ ನಾನು ಅದನ್ನೇ ಒತ್ತೋದು," ಅಂದಳು. "ನನ್ನ ಕೈ ನನಗೆ ಗೊತ್ತಿಲ್ವಾ?"