ಬೀಗಿತ್ತಿಯ ತಾಯಿ ಡೋನಾ ಹೌದೋ ಅಲ್ಲವೋ

ಲೆಕ್ಕಕ್ಕೆ ಬೀಗಿತ್ತಿ ಎಂದರೆ ನನ್ನ ಮೊಮ್ಮಗಳು ಮದುವೆಯಾದ ಹುಡುಗನ ತಾಯಿ. ಆಕೆ ನನ್ನ ಮಗಳಿಗೆ ಬೀಗಿತ್ತಿ. ಆದರೆ ನನ್ನ ವಯಸ್ಸಿಗೆ, ನನ್ನ ಮೊಣಕಾಲು ನೋವಿಗೆ ಸರಿಸಮ ಆಗುವವಳು ಹುಡುಗನ ಅಜ್ಜಿ. ಹಾಗಾಗಿ ನಾನು ಆಕೆಯನ್ನೇ ಬೀಗಿತ್ತಿ ಎನ್ನುತ್ತೇನೆ. ಆಕೆಗೆ ಈ ಮಾತು ಕಲಿಸಿದ್ದೇನೆ. ಫೋನಿನಲ್ಲಿ ಈಗ ಆಕೆಯೂ ನನಗೆ ಹಾಗೇ ಅನ್ನುತ್ತಾಳೆ, ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ.

ಅವರು ಪೋರ್ಚುಗಲ್ ಕಡೆಯವರು. ಆ ದೇಶಕ್ಕೆ ಸೇರಿದ, ಸಮುದ್ರದ ನಡುವೆ ಇರುವ ಒಂದು ನಡುಗಡ್ಡೆ ಅವರ ಊರು. ಬೀಗಿತ್ತಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಚಿಕಾಗೊಗೆ ಬಂದವಳು. ಗಂಡ ಹೋಗಿ ಬಹಳ ವರ್ಷವಾಯಿತು. ಈಗ ಓಕ್ ಬ್ರೂಕ್ ಹತ್ತಿರ ಮಗಳ ಮನೆಯಲ್ಲಿದ್ದಾಳೆ. ನಾನು ಸೌತ್‌ಫೀಲ್ಡ್‌ನಲ್ಲಿ ನನ್ನ ಮಗಳ ಮನೆಯಲ್ಲಿದ್ದೇನೆ, ಕಾರಿನಲ್ಲಿ ಐದು ತಾಸಿನ ದಾರಿ. ಗಂಡ ಹೋದ ಮೇಲೆ ನನ್ನದೂ ಅದೇ ಕತೆ.

ಮದುವೆಗೆ ಮೂರು ತಿಂಗಳು ಇರುವಾಗ ನಾವು ಅವರ ಮನೆಗೆ ಹೋಗಿ ಎರಡು ದಿನ ಇದ್ದೆವು. ಚಿಕಾಗೊದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಸೀರೆ ತೆಗೆಯುವುದೂ ಇತ್ತು. ಡ್ರೈವ್ ಮಾಡಿದ್ದು ಮೊಮ್ಮಗಳು. ಮನೆಗೆ ಕಾಲಿಟ್ಟರೆ ಊಟದ ಮೇಜಿನ ತುಂಬ ಒಂದು ದೊಡ್ಡ ರಟ್ಟು ಹಾಸಿತ್ತು. ರಟ್ಟಿನ ಮೇಲೆ ಚೌಕ ಚೌಕ, ಚೌಕದಿಂದ ಚೌಕಕ್ಕೆ ಗೆರೆ. ಹುಡುಗನ ತಾಯಿ ಎರಡೂ ಮನೆತನದ ವಂಶವೃಕ್ಷ ಬರೆಯುತ್ತಿದ್ದಳು. ಮದುವೆ ಹಾಲ್‌ನ ಬಾಗಿಲಲ್ಲಿ ನಿಲ್ಲಿಸಲಿಕ್ಕೆ.

ಈ ಹೆಂಗಸಿಗೆ ವಂಶ ಹುಡುಕುವ ಹುಚ್ಚು. ಆ ನಡುಗಡ್ಡೆಯ ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಬರೆದಿಟ್ಟ ಪುಸ್ತಕಗಳಿವೆಯಂತೆ. ಹಳೆಯವು ಕಂಪ್ಯೂಟರಿನಲ್ಲಿ ಸಿಗುತ್ತವೆ, ಈಚಿನವನ್ನು ಅಲ್ಲಿಯ ನೆಂಟರು ಫೋಟೋ ತೆಗೆದು ಕಳಿಸಿದ್ದರು. ನಾನು ಮೆಚ್ಚಿದ್ದು ಒಂದನ್ನು. ಆಕೆ ಹೆಂಗಸರನ್ನೂ ಹುಡುಕಿದ್ದಳು. ನಮ್ಮ ಮನೆಯಲ್ಲೂ ಒಂದು ವಂಶಾವಳಿ ಇತ್ತು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದರಲ್ಲಿ ಗಂಡಸರು ಗಂಡಸರನ್ನೇ ಹಡೆದಿದ್ದರು.

ಬೀಗಿತ್ತಿ ಅಡುಗೆಮನೆ ಕಟ್ಟೆಯ ಹತ್ತಿರ ಕೂತು ಸಾರಿಗೆ ಸೊಪ್ಪು ಹೆಚ್ಚುತ್ತಿದ್ದಳು. ಕೂದಲೆಳೆಯ ಹಾಗೆ ಸಣ್ಣಗೆ. ಈಳಿಗೆ ಇಲ್ಲದೆ ಬರೀ ಚಾಕುವಿನಲ್ಲಿ ಅಷ್ಟು ಸಣ್ಣ ಹೆಚ್ಚುವವಳು ಮನೆತನಸ್ಥಳೇ ಇರಬೇಕು ಎಂದುಕೊಂಡೆ. ನಾನೂ ಒಂದು ಚಾಕು ತಗೊಂಡೆ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಮೊಮ್ಮಗಳು ಹೇಳುತ್ತಾಳೆ. ಇಲ್ಲಿ ಎಲ್ಲರ ಮಾತನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನಗೆ ಹಾಗೇ ಕೇಳಿಸಿದ್ದು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತೇನೆ. ರಟ್ಟಿನ ಕಡೆ ನೋಡಿದಾಗ ಬೀಗಿತ್ತಿಯ ಅತ್ತೆಯ ಚೌಕದಲ್ಲಿ ಹೆಸರಿನ ಮುಂದೆ ಒಂದು ಡಿ ಅಕ್ಷರ ಕಂಡಿತು. ಪಕ್ಕದಲ್ಲಿ ಬೀಗಿತ್ತಿಯ ತಾಯಿಯ ಚೌಕ. ಅದರಲ್ಲಿ ಬರೀ ಹೆಸರು.

"ಆ ಡಿ ಅಂದ್ರ ಏನವಾ?" ಮೊಮ್ಮಗಳನ್ನು ಕೇಳಿದೆ.

"ಡೋನಾ ಅಂತ, ಅಜ್ಜಿ. ರೆಸ್ಪೆಕ್ಟ್ ಕೊಡೋಕೆ. ಲೈಕ್, ಶ್ರೀಮತಿ."

"ಹಂಗಾರ ಅತ್ತಿ ಹೆಸರಿಗೆ ಐತಿ, ತಾಯಿ ಹೆಸರಿಗೆ ಯಾಕಿಲ್ಲ?"

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಬೀಗಿತ್ತಿಯ ಚಾಕು ನಿಂತಿತು. ಕನ್ನಡಕ ಹಾಕಿಕೊಂಡು ಎದ್ದು ಬಂದು ರಟ್ಟಿನ ಮೇಲೆ ಬಾಗಿದಳು. ಅಲ್ಲಿಯವರೆಗೆ ಆಕೆ ಸರಿಯಾಗಿ ನೋಡಿಯೇ ಇರಲಿಲ್ಲ.

ಬೀಗಿತ್ತಿಯ ಮಗಳು ತಿಳಿಸಿ ಹೇಳಿದಳು. ಈಗ ಊರಲ್ಲಿ ವಯಸ್ಸಾದ ಯಾವ ಹೆಂಗಸನ್ನು ಕರೆದರೂ ಡೋನಾ ಎನ್ನುತ್ತಾರೆ. ಆದರೆ ಚರ್ಚಿನ ಹಳೆಯ ಪುಸ್ತಕದಲ್ಲಿ ಹಾಗಿಲ್ಲ. ಜಮೀನಿದ್ದ, ಅಧಿಕಾರವಿದ್ದ ದೊಡ್ಡ ಮನೆಯ ಹೆಂಗಸರಿಗೆ ಮಾತ್ರ ಪಾದ್ರಿ ಡೋನಾ ಎಂದು ಬರೆಯುತ್ತಿದ್ದ. ಉಳಿದವರಿಗೆ ಬರೀ ಹೆಸರು. ಎಷ್ಟೋ ಜನರಿಗೆ ಅಪ್ಪನ ಮನೆತನದ ಹೆಸರೂ ಇಲ್ಲ, ಹೆಸರಿನ ಜೊತೆ ಒಂದು ದೇವರ ಹೆಸರು ಅಷ್ಟೆ. "ಪುಸ್ತಕದಾಗ ಹೆಂಗ ಐತೋ ಹಂಗ ಬರದೀನಿ. ನಾ ಏನೂ ಸೇರಿಸಿಲ್ಲ, ಏನೂ ಕಳದಿಲ್ಲ" ಎಂದಳು.

"ನಮ್ಮವ್ವನ್ನ ಊರೆಲ್ಲ ಡೋನಾ ಅಂತಿತ್ತು" ಎಂದಳು ಬೀಗಿತ್ತಿ.

"ಕರಿಯೂದು ಬ್ಯಾರೆ, ಬರದದ್ದು ಬ್ಯಾರೆ ಅಲ್ಲೇನವ್ವ?" ಎಂದಳು ಮಗಳು.

"ಹಂಗಾರ ಇಷ್ಟ ವರ್ಷ ನಿಮಗೆಲ್ಲ ನಾ ಸುಳ್ಳ ಹೇಳೀನೇನು?"

ಬೀಗಿತ್ತಿ ಕನ್ನಡಕ ತೆಗೆದಳು. ಅತ್ತೆಯ ಚೌಕದ ಮೇಲೆ ಬೆರಳಿಟ್ಟು, "ಈಕಿ ಮಗ್ಗಲಿಗೆ ನಮ್ಮವ್ವ ಬರಿಗಾಲಿಲೆ ನಿಂತಂಗ ನಿಂತಾಳ. ಈ ರಟ್ಟು ಬಾಗಲದಾಗ ಇದ್ರ ಆ ಬಾಗಲದೊಳಗ ನಾ ಕಾಲಿಡೂದಿಲ್ಲ" ಎಂದು ಹೇಳಿ ತನ್ನ ಕೋಣೆಗೆ ಹೋದಳು. ಸೊಪ್ಪು ನಾನೊಬ್ಬಳೇ ಹೆಚ್ಚಿದೆ. ದಪ್ಪಗೆ ಬಂತು.

ಆಮೇಲೆ ನನ್ನ ಮಗಳು ನನ್ನನ್ನು ನಮಗೆ ಕೊಟ್ಟ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಯಾಕ ಕೇಳಾಕ ಹೋದಿ ನೀನು? ಮದುವಿ ಮುರಸ್ತಿ ಏನು?"

"ಕಣ್ಣಿಗೆ ಕಂಡದ್ದು ಕೇಳ್ದೆ. ನಾ ಕೇಳಲಿಲ್ಲಂದ್ರ ಹಾಲ್‌ನಾಗ ಕಾಣತಿತ್ತು. ಆವಾಗ ಏನ್ ಮಾಡ್ತಿದ್ರಿ?"

ನಾನು ಹೇಳಿದ್ದು ಸರಿ ಇತ್ತು. ಆದರೂ ಊಟಕ್ಕೆ ಬೀಗಿತ್ತಿ ಬರಲಿಲ್ಲ. ಹುಡುಗ ಎರಡು ಸಲ ಹೋಗಿ ಕರೆದ. ಆ ಹುಡುಗನನ್ನು ಎತ್ತಿ ಆಡಿಸಿದವಳು ಆಕೆ. ಆಕೆ ಇಲ್ಲದ ಮದುವೆ ಅವನಿಗೆ ಮದುವೆಯೇ ಅಲ್ಲ. ಅವನ ಮುಖ ನೋಡಿ ನಾನೂ ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿದೆ.

ಬೆಳಿಗ್ಗೆ ಎದ್ದಾಗ ಬೀಗಿತ್ತಿ ಒಬ್ಬಳೇ ಅಡುಗೆಮನೆಯಲ್ಲಿ ಕಾಫಿ ಕಾಸುತ್ತಿದ್ದಳು. ನನಗೂ ಒಂದು ಕಪ್ಪು ಕೊಟ್ಟಳು. ನಾನು ಮೊಮ್ಮಗಳನ್ನು ಎಬ್ಬಿಸಿಕೊಂಡು ಬಂದೆ, ಮಾತಿಗೆ ಬೇಕಲ್ಲ. ಅವಳ ಫೋನಿನಲ್ಲಿ ನನ್ನ ಮದುವೆಯ ಆಮಂತ್ರಣ ಪತ್ರಿಕೆಯ ಫೋಟೋ ಇತ್ತು. ನಮ್ಮ ಕಡೆಯ ಚೌಕಗಳಿಗೆ ಹೆಸರು ತಪ್ಪಬಾರದೆಂದು ನನ್ನ ಮಗಳು ಅದನ್ನೇ ನೋಡಿ ಬರೆದುಕೊಟ್ಟಿದ್ದಳು. ಅವಳೂ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಪೈಕಿ.

"ಇಲ್ಲಿ ನೋಡ್ರಿ ಬೀಗಿತ್ತಿ, ಇದು ನಮ್ಮ ಡಿ" ಎಂದು ತೋರಿಸಿದೆ. ನಮ್ಮ ಅತ್ತೆಯ ಹೆಸರಿನ ಮುಂದೆ ಸೌ. ಎಂದು ಇತ್ತು. ಸೌಭಾಗ್ಯವತಿ. ಗಂಡ ಬದುಕಿದ್ದಾನೆ ಎಂದು ಅದರ ಅರ್ಥ. ಅವನು ಸತ್ತ ದಿನ ಅದು ಹೋಗುತ್ತದೆ, ಬಳೆಯ ಜೊತೆಗೆ. ನಮ್ಮ ತಾಯಿಯ ಹೆಸರಿನ ಮುಂದೆ ಗಂ. ಭಾ. ಎಂದು ಇತ್ತು. ಗಂಗಾ ಭಾಗೀರಥಿ. ಕೇಳಲಿಕ್ಕೆ ಎಷ್ಟು ದೊಡ್ಡದು, ಪವಿತ್ರ ನದಿಯ ಹೆಸರು. ಆದರೆ ಪತ್ರಿಕೆ ಓದಿದವರಿಗೆಲ್ಲ ತಿಳಿಯುತ್ತಿದ್ದುದು ಒಂದೇ, ಈಕೆ ಗಂಡ ಸತ್ತವಳು.

ಮೊಮ್ಮಗಳು ಅರ್ಧ ಹೇಳಿ ನಿಂತಳು. "ವೇಟ್. ವೆಡ್ಡಿಂಗ್ ಕಾರ್ಡಲ್ಲಿ ವಿಡೋ ಅಂತ ಪ್ರಿಂಟ್ ಮಾಡ್ತಿದ್ರಾ? ಅಜ್ಜಿ, ದಟ್ಸ್ ಕ್ರೂಯೆಲ್!"

"ಕ್ರೂಯೆಲ್ ಅಲ್ಲವಾ. ಅದಕ್ಕ ಮರ್ಯಾದಿ ಅಂತಿದ್ರು."

ನಮ್ಮ ತಾಯಿ ಖಾನಾವಳಿ ನಡೆಸುತ್ತಿದ್ದಳು. ಲಾರಿ ಡ್ರೈವರುಗಳು, ಕಾಲೇಜು ಹುಡುಗರು, ಕಚೇರಿಯ ಗುಮಾಸ್ತರು, ಎಲ್ಲರೂ ಸಾಲಾಗಿ ಕೂತು ರೊಟ್ಟಿ ಪಲ್ಯ ತಿನ್ನುತ್ತಿದ್ದರು. ಎಲ್ಲರಿಗೂ ಆಕೆ ಅವ್ವಾರು. ನಾನು ಬೀಗಿತ್ತಿಗೆ ಹೇಳಿದೆ, "ಗಂಗಾ ಭಾಗೀರಥಿಯವರ, ಇನ್ನೊಂದು ರೊಟ್ಟಿ ಹಾಕ್ರಿ ಅಂತ ಒಬ್ಬನೂ ಅಂದಿಲ್ಲ. ಹಸಿದವ್ರು ಅವ್ವಾರ ಅಂತನ ಕರದ್ರು."

ಮೊಮ್ಮಗಳು ಇದನ್ನು ಹೇಳಿ ಮುಗಿಸುವ ಮೊದಲೇ ಬೀಗಿತ್ತಿಗೆ ನಗು ಬಂತು. ಕಾಫಿ ಕಪ್ಪು ಕೆಳಗಿಟ್ಟಳು. ಅಷ್ಟರಲ್ಲಿ ಆಕೆಯ ಮಗಳೂ ಎದ್ದು ಬಂದಳು. ತಾಯಿ ನಗುವುದನ್ನು ನೋಡಿ ಅವಳಿಗೂ ಹೋದ ಜೀವ ಬಂತು. ಸೌ. ಮತ್ತು ಗಂ. ಭಾ. ಕತೆ ಕೇಳಿದ ಮೇಲೆ ಅವಳು ಒಂದು ಮಾತು ಹೇಳಿದಳು. ಬೀಗಿತ್ತಿಯ ಅತ್ತೆಯ ಮದುವೆಯನ್ನು ಬರೆದ ಪುಟದಲ್ಲಿ ಡಿ ಇಲ್ಲವಂತೆ. ಮೊದಲನೇ ಮಗುವಿಗೆ ಹೆಸರಿಟ್ಟ ಪುಟದಲ್ಲೂ ಇಲ್ಲ. ಆಮೇಲೆ ಗಂಡ ಜಮೀನು ಮಾಡಿದ, ಊರಿನ ಅಧಿಕಾರ ಒಂದು ಹಿಡಿದ. ಕೊನೆಯ ಮಗುವಿನ ಪುಟದಲ್ಲಿ ಪಾದ್ರಿ ಡೋನಾ ಎಂದು ಬರೆದಿದ್ದಾನೆ.

"ಅಂದ್ರ ಗಂಡ ಮ್ಯಾಲೆ ಹತ್ತಿದ, ಈಕಿನ್ನೂ ಜಗ್ಗಿಕೊಂಡ" ಎಂದೆ.

ಬೀಗಿತ್ತಿ ಮಗಳ ಕೈ ಹಿಡಿದು ಮತ್ತೆ ಮತ್ತೆ ಕೇಳಿದಳು. ಮದುವೆಯ ಪುಟದಲ್ಲಿ ಇಲ್ಲವೇ? ನಿಜವಾಗಿಯೂ ಇಲ್ಲವೇ? ಅತ್ತೆ ಬದುಕಿರುವ ತನಕ ತಾನು ಹುಟ್ಟಾ ಡೋನಾ ಎಂದು ಹೇಳಿಕೊಂಡಿದ್ದಳಂತೆ. ಸೊಸೆಗೆ ಎದ್ದರೆ ಕೂತರೆ ಹಂಗಿಸುತ್ತಿದ್ದಳಂತೆ, ನಿನ್ನ ತಾಯಿ ನಮ್ಮ ಮನೆಗೆ ನೀರು ಹೊತ್ತವಳು ಎಂದು. ಬೀಗಿತ್ತಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗು ನಿಂತ ಮೇಲೂ ನೀರು ಸ್ವಲ್ಪ ಹೊತ್ತು ಬಂತು. ನಾನು ಬೇರೆ ಕಡೆ ನೋಡಿದೆ.

"ಆತು ಬಿಡವ್ವ, ನಿಮ್ಮವ್ವಗೂ ಒಂದು ಡಿ ಹಾಕ್ತೀನಿ. ಯಾರ್ ಬಂದು ಪರೀಕ್ಷಾ ಮಾಡ್ತಾರ?" ಎಂದಳು ಮಗಳು. ಅಷ್ಟು ವರ್ಷ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯದ ಹೆಂಗಸು, ತಾಯಿಗಾಗಿ ಅದನ್ನು ಬಿಡಲಿಕ್ಕೆ ತಯಾರಾಗಿದ್ದಳು.

"ಬ್ಯಾಡ" ಎಂದಳು ಬೀಗಿತ್ತಿ.

ನಮಗೆ ಯಾರಿಗೂ ತಿಳಿಯಲಿಲ್ಲ. ರಾತ್ರಿ ಊಟ ಬಿಟ್ಟಿದ್ದು ಅದಕ್ಕೇ ಅಲ್ಲವೇ?

"ನಮ್ಮವ್ವ ಆ ಮನಿ ಹಿತ್ತಲ ಬಾಗಲಿಗೆ ನೀರು ಹೊತ್ತಾಳ. ಹೌದು, ಹೊತ್ತಾಳ. ಆ ಹೆಣ್ಣಮಗಳು ಉಟ್ಟು ಬಿಟ್ಟದ್ದನ್ನ ನಮ್ಮವ್ವಗ ಉಡಸಬ್ಯಾಡ. ಬರೇ ಹೆಸರು ಬರಿ. ಅಕ್ಷರ ಮಾತ್ರ ಎಲ್ಲಾರ್ದೂ ಒಂದ ಅಳತಿ ಇರಲಿ."

"ಮತ್ತ ನಿಮ್ಮತ್ತಿದು? ಆ ಡಿ ತಗೀಲೇನು?"

"ಇರಲಿ. ಪಾಪ, ತಡಾ ಆಗಿ ಸಿಕ್ಕದ್ದು."

ಹೀಗೆ ಅವರದು ಬಗೆಹರಿಯಿತು. ಅಷ್ಟರಲ್ಲಿ ನನ್ನ ಮಗಳೂ ಎದ್ದು ಬಂದಿದ್ದಳು. ನಾನು ಅಲ್ಲೇ ಕೂತು ಅವಳಿಗೆ ಹೇಳಿದೆ, ನಮ್ಮ ಕಡೆಯ ಸೌ., ಗಂ. ಭಾ. ಎಲ್ಲ ತೆಗೆದುಬಿಡು. ನನ್ನ ಹೆಸರಿನ ಮುಂದೆ ಏನು ಹಾಕಬೇಕೆಂದು ಅವಳು ಒಳಗೊಳಗೇ ಒದ್ದಾಡುತ್ತಿದ್ದಳು, ಅದೂ ನನಗೆ ಗೊತ್ತಿತ್ತು.

"ಅವ್ವ, ಊರಿಂದ ಬರೋ ಮಂದಿ ಏನಂತಾರ?"

"ಅಂದ್ರ ನನ್ನ ಕಡೆ ಕಳಸು."

ಒಂದು ಚೌಕ ಮಾತ್ರ ತೊಡಕಾಯಿತು. ನನ್ನ ತಾಯಿಯ ತಾಯಿಯದು. ಅದರಲ್ಲಿ ಆಯಿ ಎಂದಷ್ಟೇ ಬರೆದಿತ್ತು, ನಮ್ಮ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. ನಾನು ಹೇಳಿ ಬರೆಸಿದ್ದೇ ಅದು. ಮನೆಯಲ್ಲಿ ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು, ಓಣಿಯವರೂ ಆಯಿ ಎನ್ನುತ್ತಿದ್ದರು. ಅದನ್ನೂ ತೆಗೆದರೆ ಚೌಕ ಖಾಲಿ. ಹಾಗಾಗಿ ಅದೊಂದು ಉಳಿಯಿತು.

ಮದುವೆಯ ದಿನ ಬೀಗಿತ್ತಿ ಕರಿ ರೇಷ್ಮೆ ಉಡುಪು ಹಾಕಿ, ಮೊಮ್ಮಗನ ತೋಳು ಹಿಡಿದು ಹಾಲ್‌ಗೆ ಬಂದಳು. ಬಾಗಿಲಲ್ಲಿ ರಟ್ಟಿನ ಮುಂದೆ ನಿಂತಳು. ಹಿಂದೆ ಜನ ಸಾಲುಗಟ್ಟಿದರೂ ಸರಿಯಲಿಲ್ಲ. ತಾಯಿಯ ಹೆಸರು ಗಟ್ಟಿಯಾಗಿ ಓದಿದಳು, ಬರೀ ಹೆಸರು. ನಾನೂ ನನ್ನ ತಾಯಿಯ ಹೆಸರನ್ನು ನೋಡಿದೆ. ಮುಂದೆ ನದಿ ಇಲ್ಲ, ಹಿಂದೆ ಏನೂ ಇಲ್ಲ. ಖಾನಾವಳಿಯ ಒಲೆಯ ಮುಂದೆ ಕೂತ ಹಾಗೇ ಇದ್ದಳು. ನಮ್ಮ ಕಡೆಯ ಆಂಟಿ ಒಬ್ಬರು ಬಂದು, "ಏನ್ರೀ, ಒಂದು ಶ್ರೀಮತಿ ಆದ್ರೂ ಹಾಕ್ಬಾರ್ದಿತ್ತಾ? ಬೋಳುಬೋಳಾಗಿ ಕಾಣ್ಸುತ್ತೆ" ಎಂದರು. "ನಿಮ್ಮ ಹೆಸರಿಗೆ ಎರಡು ಹಾಕ್ಕೊಳ್ರೀ" ಎಂದೆ. ನಕ್ಕು ಊಟಕ್ಕೆ ಹೋದರು.

ಬೀಗಿತ್ತಿ ಮಾತ್ರ ಆಯಿಯ ಚೌಕದ ಹತ್ತಿರ ನಿಂತಿದ್ದಳು. ಅದನ್ನು ಓದಲಿಕ್ಕೆ ನೋಡಿ, "ಇದು ಹೆಸರು ಹೌದೇನು?" ಎಂದು ಕೇಳಿದಳು.

ಅಲ್ಲ ಎಂದೆ.

"ಹಂಗಾರ ಹೆಸರೇನು?"

ಗೊತ್ತಿಲ್ಲ ಎಂದೆ. ಆಕೆಯ ಕೈಯಿಂದ ತುತ್ತು ತಿಂದಿದ್ದೇನೆ, ಆಕೆಯ ಸೆರಗು ಹಿಡಿದು ತಿರುಗಿದ್ದೇನೆ. ಹೆಸರೇನೆಂದು ಕೇಳುವುದು ಒಂದು ದಿನವೂ ಹೊಳೆಯಲಿಲ್ಲ. ಹಾಗೆ ಕೇಳಬಹುದೆಂದು ನನಗೆ ಯಾರೂ ಹೇಳಿಯೂ ಇರಲಿಲ್ಲ. ಬೀಗಿತ್ತಿ ಅಯ್ಯೋ ಪಾಪ ಎನ್ನಲಿಲ್ಲ. ಅದು ನನಗೆ ಹಿಡಿಸಿತು. "ಕೇಳು. ಹಳಬರು ಇನ್ನೂ ಇರೂದ್ರಾಗ ಕೇಳು" ಎಂದಳು.

ಅದೇ ವಾರ ಗದಗಿನಲ್ಲಿರುವ ನಮ್ಮ ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ನನಗಿಂತ ಹಿರಿಯಳು. "ಆಯಿ ಹೆಸರಾ? ಆಯಿನ ಅಲ್ಲೇನವಾ" ಎಂದಳು. ಇನ್ನೂ ಇಬ್ಬರನ್ನು ಕೇಳಿದೆ. ಒಬ್ಬಳಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬಳು ನೆನಪು ಮಾಡಿಕೊಂಡು ಹೇಳುತ್ತೇನೆ ಎಂದಿದ್ದಾಳೆ. ಊರಲ್ಲಿರುವ ನನ್ನ ತಮ್ಮಂದಿರು, ಈಗ ಅದನ್ನ ತಗೊಂಡು ಏನ್ ಮಾಡ್ತಿ ಎಂದರು.

ಈ ವಯಸ್ಸಿನಲ್ಲಿ ನನಗೆ ಹೊಸ ಗೆಳತಿ ಸಿಗುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಅದೂ ನನ್ನ ಅಜ್ಜಿಯ ಹೆಸರು ಬೇಕು ಎನ್ನುವವಳು. ನನ್ನ ಸ್ವಂತ ತಮ್ಮಂದಿರಿಗೆ ಬೇಡವಾದದ್ದು, ಸಮುದ್ರದ ನಡುವಿನ ಊರಿನವಳಿಗೆ ಬೇಕಾಗಿದೆ. ಇದರ ಉಪಕಾರ ನನ್ನ ಮೇಲಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಎದುರಿಗೆ ಹೇಳಿದರೆ ಇಬ್ಬರಿಗೂ ಮುಜುಗರ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಆಕೆ ಫೋನ್ ಮಾಡುತ್ತಾಳೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ತಾಸು ಹಿಂದೆ, ಹಾಗಾಗಿ ನಾನು ಊಟ ಮುಗಿಸಿ ಕಾಯುತ್ತಿರುತ್ತೇನೆ. ಮೊಣಕಾಲು ಹೇಗಿದೆ ಎಂದು ಕೇಳುವುದಕ್ಕೂ ಮೊದಲು ಅದನ್ನೇ ಕೇಳುತ್ತಾಳೆ.

"ಬೀಗಿತ್ತಿ, ಸಿಕ್ಕಿತಾ?"

ಇಲ್ಲ ಎನ್ನುತ್ತೇನೆ. "ಮತ್ತ ಕೇಳು" ಎನ್ನುತ್ತಾಳೆ.