ಮೂರು ಪಾಕೀಟು ಕಾಫಿಪುಡಿ

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಎಲ್ಲರೂ ಚಹಾದವರು. ಕಾಫಿ ಕುಡಿಯುವವಳು ನಾನೊಬ್ಬಳೇ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ, ಮಂಗಳೂರು ಕಡೆಯ ಸಿಸ್ಟರ್‌ಗಳು ರವಿವಾರದ ಪ್ರೇಯರ್ ಮುಗಿದ ಮೇಲೆ ಕೊಡುತ್ತಿದ್ದ ಕಾಫಿ ಹತ್ತಿಸಿದ ಚಟ ಇದು. ಲಗ್ನವಾಗಿ ಬರುವಾಗ ಟ್ರಂಕಿನಲ್ಲಿ ಹಿತ್ತಾಳೆಯ ಫಿಲ್ಟರ್ ತಂದಿದ್ದೆ. ಅತ್ತೆ ಅದನ್ನು ತಿರುವಿ ಮುರುವಿ ನೋಡಿ, "ಇದರಾಗ ಏನ್ ಹಾಕ್ತೀಯವಾ, ತಳಾ ತುಂಬ ತೂತ ಬಿದ್ದಾವಲ್ಲ" ಎಂದಿದ್ದರು.

ಆಗೆಲ್ಲ ಪುಡಿ ಬೇಕೆಂದರೆ ಬೆಳಗಾವಿಗೆ ಹೋಗುವವರ ಕೈಕಾಲು ಹಿಡಿಯಬೇಕಿತ್ತು. ಈಗ ಊರಲ್ಲೇ ಸೂಪರ್ ಮಾರ್ಕೆಟ್ ಆಗಿದೆ, ಕಾಫಿಗೆಂದೇ ಒಂದು ರ್‍ಯಾಕ್ ಇದೆ. ಆದರೆ ರ್‍ಯಾಕ್ ತುಂಬುವ ಹೊತ್ತಿಗೆ ನನ್ನ ಮೂಗು ಹೋಗಿತ್ತು. ಹೋದ ವರ್ಷ ಬಂದ ಒಂದು ಜ್ವರ, ಇಳಿಯುವಾಗ ವಾಸನೆಯನ್ನೂ ಒಯ್ದಿತು. ಒಗ್ಗರಣೆ ಹೊತ್ತಿದ್ದು, ಹಾಲು ಕೆಟ್ಟದ್ದು ಯಾವುದೂ ತಿಳಿಯುವುದಿಲ್ಲ. ಕಾಫಿಯೆಂದರೆ ಬಿಸಿ, ಕಹಿ, ಸಿಹಿ. ದ್ಯಾಟ್ಸ್ ಆಲ್. ಕೊಲ್ಲಾಪುರದ ಡಾಕ್ಟರರು, ಬಂದರೂ ಬರಬಹುದು, ವೇಟ್ ಮಾಡಿ ಎಂದು ಬೇರೆ ಕಡೆ ನೋಡುತ್ತ ಹೇಳಿದರು.

ಮೊನ್ನೆ ಆ ರ್‍ಯಾಕಿನ ಮುಂದೆ ನಿಂತಾಗ ಹುರಿದ ಬೀಜದ ಘಮ ಮೂಗಿಗೆ ಬಂದಂತಾಯಿತು. ಜಸ್ಟ್ ಒಂದು ಕ್ಷಣ. ಮತ್ತೆ ಉಸಿರು ಎಳೆದುಕೊಂಡೆ, ಇರಲಿಲ್ಲ. ಆದರೂ ಮೂರು ಪಾಕೀಟು ಕೊಂಡೆ: ಚಿಕೋರಿ ಬೆರೆಸಿದ ಅಗ್ಗದ್ದು, ಅಪ್ಪಟ ಕಾಫಿಯದು, ಯಾವುದೋ ಎಸ್ಟೇಟಿನ ಹೆಸರು ಹೊತ್ತ ತುಟ್ಟಿಯದು. ನೋಡದೆ ಕುಡಿದು ಮೂರನ್ನೂ ಗುರುತಿಸಿದರೆ ವಾಸನೆ ಮರಳುತ್ತಿದೆ ಎಂದೇ ಅರ್ಥ ಎಂದುಕೊಂಡೆ.

ಮಾಡಿಕೊಡಲು ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ ಹೇಳಿದೆ. "ಯಾವ ಕಪ್ಪಿನಾಗ ಯಾವುದು ಅಂತ ನನಗ ಹೇಳಬ್ಯಾಡ. ಇದು ಎಕ್ಸಾಮ್ ಇದ್ದಂಗ."

"ಈ ವಯಸ್ಸಿನಾಗ ಎಕ್ಸಾಮೇನ್ರಿ ಅಕ್ಕಾರ? ಫೇಲಾದ್ರ ಮತ್ತ ಕಾನ್ವೆಂಟಿಗೆ ಕಳಸೂಣೇನ್?"

ನಾನು ಪಡಸಾಲೆಯಲ್ಲಿ ಕುಳಿತೆ. ಆಕೆ ಟ್ರೇಯಲ್ಲಿ ಮೂರು ಕಪ್ಪು ತಂದಿಟ್ಟಳು. ಮೊದಲನೆಯದು ನಾಲಗೆಗೆ ಬಹಳ ಕಹಿಯಾಯಿತು. "ಇದು ಚಿಕೋರಿ" ಎಂದೆ. ಎರಡನೆಯದನ್ನು ಅಪ್ಪಟ ಎಂದೆ. ಮೂರನೆಯದನ್ನು ಕಣ್ಣು ಮುಚ್ಚಿ, ಬಾಯಲ್ಲಿ ಹಿಡಿದುಕೊಂಡೆ. ದೂರದಲ್ಲೆಲ್ಲೋ ಹೊಗೆಯಂಥದು, ಬೆಲ್ಲದಂಥದು ಇದೆ ಅನ್ನಿಸಿತು.

"ಇದ ಎಸ್ಟೇಟಿಂದು. ವಾಸನಿ ಬರಾಕತ್ತೈತಿ ನನಗ. ಸ್ಮೋಕಿ ಐತಿ."

"ಮೂರೂ ಬರೋಬ್ಬರಿ ಅದಾವರಿ" ಎಂದು ಆಕೆ ನನ್ನ ಮೊಣಕಾಲು ಹಿಡಿದು ಅಲುಗಾಡಿಸಿದಳು. ನನಗಿಂತ ಆಕೆಗೇ ಹೆಚ್ಚು ಖುಷಿಯಾಗಿತ್ತು. "ನನಗ ಅಂಜಿಕಿ ಇತ್ರಿ ಅಕ್ಕಾರ. ಯಾಲಕ್ಕಿ ಜಾಸ್ತಿ ಬಿದ್ದಾವು, ಅದರ ಘಮದಾಗ ಕಾಫಿ ವಾಸನಿ ನಿಮಗ ಹೆಂಗ ತಿಳೀತೈತೋ ಅಂತ."

"ಯಾಲಕ್ಕಿ ಯಾವುದಕ್ಕ ಹಾಕೀದಿ?"

"ಮೂರಕ್ಕೂರಿ. ಛಲೋ ಆಗಲಿ ಅಂತ."

ಬಂದವರಿಗೆ ಚಹಾ ಮಾಡುವಾಗ ಯಾಲಕ್ಕಿ ಜಜ್ಜಿ ಹಾಕುವುದು ನಮ್ಮ ಮನೆಯ ಪದ್ಧತಿ. ಆಕೆ ಫಿಲ್ಟರ್ ಮುಟ್ಟಿರಲೇ ಇಲ್ಲ. ಪುಡಿ, ಹಾಲು, ಸಕ್ಕರೆ ಎಲ್ಲವನ್ನೂ ಚಹಾದಂತೆ ಪಾತೇಲಿಯಲ್ಲಿ ಕುದಿಸಿ, ನನ್ನ ಮೇಲಿನ ಪ್ರೀತಿಗೆ ಯಾಲಕ್ಕಿಯನ್ನು ಕೈ ಬಿಚ್ಚಿ ಹಾಕಿದ್ದಳು.

ನಾನು ಮತ್ತೆ ಒಂದು ಗುಟುಕು ಕುಡಿದೆ. ಬಿಸಿ, ಕಹಿ, ಸಿಹಿ. ಚಿಕೋರಿಯನ್ನು ಕಹಿಯಿಂದ ಹಿಡಿದಿದ್ದೆ, ಉಳಿದೆರಡು ಅದೃಷ್ಟ. ಹೊಗೆಯೂ ಬೆಲ್ಲವೂ ನಾನೇ ಕಟ್ಟಿಕೊಂಡದ್ದು.

ಆಕೆಗೆ ಆಗ ಹೊಳೆಯಿತು. ಒಳಗೆ ಹೋಗಿ ನಾಲ್ಕಾರು ಯಾಲಕ್ಕಿ ತಂದು, ನನ್ನೆದುರೇ ಅಂಗೈಯಲ್ಲಿ ತಿಕ್ಕಿ ಮೂಗಿನ ಹತ್ತಿರ ಹಿಡಿದಳು. ಹಸಿರು ಸಿಪ್ಪೆ, ಒಳಗಿನ ಕರಿ ಕಾಳು ಎಲ್ಲ ಕಂಡವು.

"ಜರಾನೂ ಇಲ್ಲೇನ್ರಿ?"

"ಇಲ್ಲವಾ."

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕದಲ್ಲೇ ಕುಳಿತಳು. ಕಪ್ಪುಗಳ ಮೇಲೆ ಕೆನೆ ಕಟ್ಟಿತು.

"ಪುಡಿ ಯಾರಿಗರೇ ಕೊಟ್ಟಬಿಡು" ಎಂದೆ ಕೊನೆಗೆ. "ನಾಳಿಂದ ನನಗೂ ನಿಮ್ಮೆಲ್ಲಾರ ಜೋಡಿನ ಚಾ ಇಡು."

ಇಷ್ಟು ವರ್ಷದಲ್ಲಿ ನಾನು ಆ ಮಾತು ಆಡಿದ್ದು ಆಕೆ ಕೇಳಿರಲಿಲ್ಲ. ಟ್ರೇ ಎತ್ತಿಕೊಳ್ಳುತ್ತ, "ಹೆಂಗ ಮಾಡ್ಲಿರಿ? ಹಾಲ ಜಾಸ್ತಿ ಇರ್ಲ್ಯಾ?" ಎಂದಳು.

"ಹೆಂಗರೇ ಮಾಡು. ಬಿಸಿ ಇದ್ರ ಆತು."