ಬೀಳು ಎಂದು ಬರೆದ ಹುಲ್ಲುಗಾವಲು

ಕೊಪ್ಪಳ ಬೇರೆ ಜಿಲ್ಲೆಯಾದಾಗ ನಮ್ಮ ಜಲಾನಯನ ಕಚೇರಿಯೂ ರಾಯಚೂರಿನಿಂದ ಒಡೆದು ಎರಡಾಯಿತು. ನಕ್ಷೆ ಬರೆಯುವವರಲ್ಲಿ ಹೊಸ ಊರಿಗೆ ಹೋಗಲು ಒಪ್ಪಿದವಳು ನಾನೊಬ್ಬಳೇ. ನನ್ನ ಗಂಡನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಅದೇ ಕಾರಣ. ಬಾಡಿಗೆ ಕಟ್ಟಡದ ಮಾಳಿಗೆಯಲ್ಲಿ ಒಂದು ಉದ್ದನೆಯ ಮೇಜು, ಕಿಟಕಿಯ ಬೆಳಕು, ನಕ್ಷೆಯ ಪ್ರತಿ ತೆಗೆಯುವ ಅಮೋನಿಯಾ ಪ್ರಿಂಟಿನ ಮೂಗು ಸುಡುವ ವಾಸನೆ. ನನಗೆ ಅಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಎರಡು ವರ್ಷ ಕಳೆದ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿಗೆ ಸೇರಿಸಿ ಒಂದೇ ಯೋಜನೆ ಮಾಡುವ ಕೆಲಸ ಬಂತು. ಮಳೆ ಹಿಂದಿನ ಹಾಗೆ ನಂಬುವಂತಿಲ್ಲ, ನೀರು ನಿಲ್ಲಬೇಕು, ಗುಡ್ಡ ಹಸಿರಾಗಬೇಕು, ಪ್ರಾಣಿಗಳಿಗೂ ಜಾಗ ಉಳಿಯಬೇಕು ಎಂಬುದು ಅದರ ಉದ್ದೇಶ. ನಾನು ಹಾಳೆಗಳನ್ನು ಜೋಡಿಸಿ ಬಣ್ಣ ತುಂಬಿದೆ. ಕೆರೆ, ಕಾಲುವೆಗೆ ನೀಲಿ. ಕಾಡಿಗೆ ಹಸಿರು. ಹೊಲಕ್ಕೆ ಕಂದು. ಉಳಿದದ್ದಕ್ಕೆಲ್ಲ ಹಳದಿ ಬಳಿದು, ದಾಖಲೆಯಲ್ಲಿ ಇದ್ದಂತೆ ಮೇಲೆ ‘ಬೀಳು’ ಎಂದು ಬರೆದೆ. ಆ ಹಳದಿಯ ತುಂಬ ಸಸಿ ನೆಟ್ಟು ಬೇಲಿ ಹಾಕುವುದೆಂದು ನಮ್ಮ ಸಾಹೇಬರು ಲೆಕ್ಕ ಹಾಕಿದ್ದರು. ಅವರು ಒಳ್ಳೆಯ ಮನುಷ್ಯ. ಕೆಲಸದಲ್ಲಿ ಅವಸರ, ಅಷ್ಟೆ.

ಗಂಗಾವತಿ ತಾಲ್ಲೂಕಿನ ಹುಲಿಹೈದರ ದಾಟಿದರೆ ಸಿಗುವ ಒಂದು ಊರಿನಲ್ಲಿ ಯೋಜನೆಯ ಮೊದಲ ಸಭೆ ನಡೆಯಿತು. ಗಂಡಸರು ಮಾತಾಡಿದರು, ಹೆಂಗಸರು ಶಾಲೆಯ ಕಟ್ಟೆಯ ಹಿಂದೆ ನಿಂತು ಕೇಳಿ ಹೊರಟು ಹೋದರಂತೆ. ಮರುದಿನ ಸಾಹೇಬರು ನನ್ನನ್ನು ಕರೆದು, ನೀವೊಮ್ಮೆ ಹೋಗಿ ಆ ಹೆಣ್ಣುಮಕ್ಕಳನ್ನು ವಿಚಾರಿಸಿ ಬನ್ನಿ ಎಂದರು. ಹನ್ನೊಂದು ವರ್ಷ ನಕ್ಷೆ ಬರೆದಿದ್ದೆ. ಬರೆದ ನೆಲವನ್ನು ಒಂದು ದಿನವೂ ತುಳಿದಿರಲಿಲ್ಲ.

ಬಸ್ಸಿಳಿದವಳಿಗೆ ಊರ ಹೊರಗೆ ಸಿಕ್ಕವಳು ಕುರಿ ಕಾಯುವ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಕೋಲು. ನಾನು ನಕ್ಷೆ ಬಿಚ್ಚಿ ಬಂಡೆಯ ಮೇಲೆ ಹಾಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಹಳ್ಳದ ಗೆರೆ ಹಿಡಿದು ತನ್ನ ಊರನ್ನು ತಾನೇ ಕಂಡುಕೊಂಡಳು. ಹಳದಿಯ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದಳು. ಬೀಳು, ಯಾತಕ್ಕೂ ಬಾರದ ನೆಲ ಎಂದೆ. ಅವಳು ಸಿಟ್ಟಾಗಲಿಲ್ಲ.

“ನಡೀರಿ ಅಕ್ಕಾರ, ತೋರಸ್ತೀನಿ,” ಎಂದಳು.

ಆ ದಿನ ಎಷ್ಟು ನಡೆದೆವೋ. ಮೊಣಕಾಲುದ್ದ ಹುಲ್ಲು, ಗಾಳಿ ಬಂದಾಗಲೆಲ್ಲ ಒಂದೇ ಕಡೆ ವಾಲುತ್ತಿತ್ತು. ಯಾವ ಹುಲ್ಲನ್ನು ಕುರಿ ಮೊದಲ ಮಳೆಗೆ ತಿನ್ನುತ್ತದೆ, ಯಾವುದು ಬೇಸಿಗೆಗೆ ಉಳಿಯುತ್ತದೆ, ಯಾವುದರಿಂದ ಕಸಬರಿಗೆ ಕಟ್ಟುತ್ತಾರೆ ಎಂದು ಅವಳು ಕಿತ್ತು ಕಿತ್ತು ತೋರಿಸಿದಳು. ದೂರದಲ್ಲಿ ಚಿಗರಿ ಜಿಂಕೆಗಳ ಹಿಂಡು ತಲೆಯೆತ್ತಿ ನಮ್ಮನ್ನೇ ನೋಡಿತು. ಕೊರಕಲಿನ ಹತ್ತಿರ ಬಂದಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ದಂಡೆಯ ಮಣ್ಣಿನಲ್ಲಿ ಒಂದು ಬಿಲ. ಒಳಗೆ ತೋಳದ ಮರಿಗಳಿವೆ ಎಂದು ಪಿಸುಗುಟ್ಟಿದಳು. ನಾನು ಮೆಲ್ಲಗೆ ಹಿಂದೆ ಸರಿದೆ. ತೋಳ ನಿನ್ನ ಕುರಿ ತಿನ್ನುವುದಿಲ್ಲವೇ ಎಂದು, ಅಲ್ಲಿಂದ ಸಾಕಷ್ಟು ದೂರ ಬಂದ ಮೇಲೆ ಕೇಳಿದೆ.

“ತಿಂತೈತ್ರಿ, ವರ್ಷಕ್ಕ ಒಂದೋ ಎರಡೋ. ಅದರ ಪಾಲು ಅಂತ ಬಿಟ್ಟೀವಿ. ಹುಲ್ಲು ಹೋತು ಅಂದ್ರ ನಮ್ಮ ಕುರಿನೂ ಇರಂಗಿಲ್ಲ, ತ್ವಾಳನೂ ಇರಂಗಿಲ್ಲ.”

ಹುಲ್ಲುಗಾವಲು ಮುಗಿಯುವಲ್ಲಿ ಕಲ್ಲಿನ ಗುಡ್ಡ. ಅಲ್ಲಿ ಬುಟ್ಟಿ ಹಿಡಿದು ಸೀತಾಫಲ ಬಿಡಿಸುತ್ತಿದ್ದ ಮುಸಲ್ಮಾನ ಹೆಂಗಸನ್ನು ಊರೆಲ್ಲ ಬೀಬಿ ಎಂದು ಕರೆಯುತ್ತಿತ್ತು. ಅವಳಿಗೆ ಹೊಲವಿರಲಿಲ್ಲ. ದಸರೆಯಿಂದ ದೀಪಾವಳಿ ದಾಟುವವರೆಗೆ ಆ ಗುಡ್ಡದ ಹಣ್ಣೇ ಅವಳ ಬದುಕು. ಯೋಜನೆಯ ವಿಷಯ ಕೇಳಿ ಒಂದೇ ಪ್ರಶ್ನೆ ಹಾಕಿದಳು.

“ಗುಡ್ಡಕ್ಕ ಬೇಲಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಬಾಗ್ಲ ಎಲ್ಲಿ ಇಡ್ತೀರಿ?”

ಬೇಲಿಯ ಗೆರೆ ಎಳೆದವಳು ನಾನೇ. ಅದರಲ್ಲಿ ಬಾಗಿಲು ಬಿಟ್ಟಿರಲಿಲ್ಲ.

ಮುಂದಿನ ಮೂರು ವಾರದಲ್ಲಿ ಮತ್ತೆ ನಾಲ್ಕು ಸಲ ಹೋದೆ, ಸುತ್ತಲಿನ ಊರುಗಳಿಗೂ ಹೋದೆ. ಕಾಲಿಗೆ ಜಾಲಿಮುಳ್ಳು ಹೊಕ್ಕು ಚಪ್ಪಲಿ ಬದಲಿಸಬೇಕಾಯಿತು. ಹೊಸ ಹಾಳೆಯಲ್ಲಿ ಹುಲ್ಲಿಗೆಂದೇ ಗಿಳಿಹಸಿರು ಬಣ್ಣ ಕಲಸಿದೆ. ಸಾಹೇಬರು ಅದನ್ನು ಹಳೆಯ ಹಾಳೆಯ ಪಕ್ಕ ಹಾಸಿ ನೋಡಿದರು. ಇದನ್ನು ಮಾಡಲು ಯಾರು ಹೇಳಿದರು, ಸಸಿಗಳನ್ನೆಲ್ಲ ಎಲ್ಲಿ ನೆಡಲಿ ಎಂದು ಬೇಸರದಿಂದಲೇ ಕೇಳಿದರು. ನಾನು ಹೆದರಿದ್ದೆ. ಆದರೂ, ಒಮ್ಮೆ ನೀವೇ ಬಂದು ನೋಡಿ ಸರ್ ಎಂದೆ.

ಅವರು ಬಂದರು. ಕುರಿ ಕಾಯುವವಳು ಅವರನ್ನೂ ನನ್ನ ಹಾಗೆಯೇ ಬಿಸಿಲಲ್ಲಿ ನಡೆಸಿದಳು. ಒಂದು ಕಡೆ ಕೋಲಿನಿಂದ ನೆಲ ಅಗೆದು ತೋರಿಸಿದಳು: ಗೇಣುದ್ದ ಮಣ್ಣು, ಕೆಳಗೆ ಬಂಡೆ. ಗಿಡ ಇಲ್ಲಿ ನಿಲ್ಲುವುದಿಲ್ಲ ಎಂದಳು.

“ಈಗ ಮಳಿ ಒಮ್ಮೆಲೇ ಸುರಿದು ಹೋಗಿಬಿಡತೈತ್ರಿ ಸಾಹೇಬ್ರ. ಹುಲ್ಲಿನ ಬೇರು ಇದ್ರ ಮಣ್ಣು ಹಿಡಿತೈತಿ, ನೀರು ನಿಧಾನ ಇಳಿತೈತಿ. ನಮ್ಮ ಬಾವಿ ಕೆಳಗ ಐತಿ, ನೋಡ್ರಿ.”

ಸಾಹೇಬರು ಕೂತು ಆ ಕುಳಿಯೊಳಗೆ ತಾವೇ ಬೆರಳಾಡಿಸಿದರು. ಜೀಪು ಹತ್ತುವ ಮೊದಲು ಬಾವಿಯನ್ನೂ ನೋಡಿದರು. ಸಸಿಗಳು ಹಳ್ಳದ ದಂಡೆಗೆ, ಹೊಲದ ಬದುವಿಗೆ ಹೋದವು. ಹುಲ್ಲುಗಾವಲನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದನ್ನು ಕುರಿ ಬಿಡದೆ ಉಳಿಸುವುದೆಂದು ಊರವರೇ ಒಪ್ಪಿದರು. ತೋಳದ ಕೊರಕಲಿಗೆ ಯಾರೂ ಕೈ ಹಚ್ಚುವಂತಿಲ್ಲ. ಗುಡ್ಡಕ್ಕೆ ಬೇಲಿ ಬಂತು, ಬಾಗಿಲೂ ಬಂತು. ಅದರ ಬೀಗದ ಕೈ ಹಣ್ಣು ಬಿಡಿಸುವ ಹೆಂಗಸರ ಬಳಿ.

ಎಲ್ಲ ಕಡೆ ಹೀಗಾಗಲಿಲ್ಲ. ಯಲಬುರ್ಗಾ ಕಡೆಯ ಒಂದು ಬಯಲು ನಕ್ಷೆಯಲ್ಲಿ ಹಳದಿಯಾಗಿಯೇ ಉಳಿದು ಹೋಯಿತು. ಅಲ್ಲಿ ನೆಟ್ಟ ಸಸಿಗಳು ಒಣಗಿದವು, ಹುಲ್ಲೂ ಹೋಯಿತು. ಆ ಊರಿಗೆ ನಾನು ಹೋಗಿರಲಿಲ್ಲ. ಹೋಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆದರೆ ಅಂದಿನಿಂದ ನಿವೃತ್ತಿಯವರೆಗೆ ನೆಲ ತುಳಿಯದೆ ಒಂದು ಗೆರೆಯನ್ನೂ ನಾನು ಎಳೆಯಲಿಲ್ಲ. ಕಚೇರಿಯವರು ನಗುತ್ತಿದ್ದರು, ನನಗೆ ಖುಷಿಯೇ ಆಗುತ್ತಿತ್ತು. ಹೋದ ಚಳಿಗಾಲ ಹುಲಿಹೈದರದ ಆಚೆಯ ಆ ಮೊದಲ ಊರಿಗೆ ಮತ್ತೆ ಹೋಗಿದ್ದೆ. ಕುರಿ ಕಾಯುವವಳ ಸೊಸೆ ಈಗ ಪಂಚಾಯಿತಿ ಸದಸ್ಯೆ. ಹೊಸ ಕೆರೆಯೊಂದನ್ನು ಎಲ್ಲಿ ತೋಡಬೇಕೆಂದು ನೋಟ್‌ಬುಕ್ಕಿನಲ್ಲಿ ತಾನೇ ನಕ್ಷೆ ಬರೆದಿದ್ದಳು. ನಾನು ಒಂದು ತಪ್ಪು ತಿದ್ದಿದೆ. ಅತ್ತೆ ನನ್ನ ಎರಡು ತಪ್ಪು ತಿದ್ದಿದಳು. ರೊಟ್ಟಿ, ಪುಂಡಿಪಲ್ಯ ಉಂಡು, ಮೂವರೂ ಕುರಿಗಳ ಹಿಂದೆ ಕೆರೆಯ ಜಾಗ ನೋಡಲು ಹೊರಟೆವು.